ಮಾವನವರಿಗೆ ವಾಕಿಂಗ್ ಕಲಿಸಿದ್ದು

ಆರೋಗ್ಯದ ವಿಷಯದಲ್ಲಿ ನಮ್ಮ ಬಳಗಕ್ಕೆಲ್ಲ ನಾನೇ ಗುರು. ಮುಂಜಾನೆಯ ನಡಿಗೆ, ಪ್ರಾಣಾಯಾಮ, ಮಿತಾಹಾರ ಕುರಿತು ದಿನಾ ಎಲ್ಲರ ಮೊಬೈಲಿಗೂ ಉಪದೇಶ ಕಳಿಸುತ್ತೇನೆ. ಅದನ್ನು ಹಾಸಿಗೆಯಲ್ಲಿ ಮಲಗಿಯೇ ಕಳಿಸುತ್ತೇನೆ ಎಂಬುದು ಬೆಳಗಾವಿಯ ನಮ್ಮ ಮನೆಯೊಳಗಿನ ಮಾತು.

ಹೀಗಿರುವಾಗ ಹೆಂಡತಿಯ ತವರು ಖಾನಾಪುರದಿಂದ ಸುದ್ದಿ ಬಂತು. ಮಾವನವರಿಗೆ ಸಕ್ಕರೆ ಏರಿದೆ, ಪಾದಗಳು ಜೋಮು ಹಿಡಿಯುತ್ತಿವೆ. ದಿನಾ ನಡೆಯಲೇಬೇಕೆಂದು ಡಾಕ್ಟರು ಹೇಳಿದ್ದರೂ ಅವರು ಮನೆಯ ಕಟ್ಟೆ ಬಿಟ್ಟು ಏಳುತ್ತಿಲ್ಲ.

"ಅಪ್ಪ ಯಾರ ಮಾತೂ ಕೇಳವಲ್ಲರು" ಎಂದು ನನ್ನ ಹೆಂಡತಿ ಸುಜಾತಾ ಕಣ್ಣೀರು ತಂದಳು. "ಅಳಿಯ ಅಂದ್ರ ಅವರಿಗೆ ಮರ್ಯಾದಿ ಐತಿ. ನೀವರ ಒಂದ್ಮಾತು ಹೇಳ್ರಿ."

"ಮಾತ್ಯಾಕ? ನಡಿಸೇ ಬಿಡ್ತೀನಿ!" ಎಂದೆ. ಹೊಸ ಬೂಟು ಕೊಂಡು, ಅವಳೊಂದಿಗೆ ಬಸ್ಸು ಹತ್ತಿದೆ.

ಮರುದಿನ ಮುಂಜಾನೆ ಮಾವನವರೆದುರು ವ್ಯಾಯಾಮದ ಮಹತ್ವ ಕುರಿತು ದೀರ್ಘ ಭಾಷಣ ಮಾಡಿದೆ. ಅದನ್ನು ಕೇಳುವುದಕ್ಕಿಂತ ನಡೆಯುವುದೇ ವಾಸಿ ಅನ್ನಿಸಿರಬೇಕು, ಎದ್ದರು!

ಒಂದು ಸಂಗತಿ ನಾನು ಮರೆತಿದ್ದೆ. ಅಲ್ಲಿ ಒಂದು ಮನೆಯ ಅಳಿಯನೆಂದರೆ ಇಡೀ ಓಣಿಗೆ ಅಳಿಯ. ಮೊದಲ ಮನೆಯ ಮರಾಠಿ ಅಜ್ಜಿ ಬಾಗಿಲಲ್ಲೇ ಹಿಡಿದು, ಅಳಿಯ ಬಂದರೆಂದು ಚಹಾಕ್ಕೆ ಕರೆದರು. "ಜಾವಯಿ ಆಲೇ! ಯಾ, ಯಾ, ಚಹಾ ಘ್ಯಾ!" ಅಳಿಯ ಏನೂ ಮುಟ್ಟದೆ ಹೋದರೆ ಆ ಮನೆಗೇ ಅವಮಾನ. ಒಳಗೆ ಹೋಗಿ ಕುಳಿತೆವು. ಅವಲಕ್ಕಿ, ಶಿರಾ, ಚಹಾ ಬಂದವು.

"ನನಗ ಸಕ್ಕರಿ ಐತ್ರಿ" ಎಂದು ಮಾವ ಕೈ ಮುಗಿದರು. "ನನ್ನ ಪಾಲಿಂದೂ ಅಳಿಯಂದಿರಿಗೇ ಹಾಕ್ರಿ."

ಹಾಕಿದರು!

ಮುಂದಿನ ಮನೆಯಲ್ಲಿ ಉಪ್ಪಿಟ್ಟು, ಬುಂದಿ ಉಂಡಿ. ಅದರಾಚೆ ಕುಂದಾ. ಪ್ರತಿ ಮನೆಯಲ್ಲೂ ಮಾವ ಕೈ ಮುಗಿದರು, ನಾನು ಬಾಯಿ ತೆರೆದೆ. ಮಿತಾಹಾರದ ಗುರು ಇಬ್ಬರ ಪಾಲನ್ನೂ ತಿಂದ!

ತಿರುಗಿ ಬರುವಾಗ ಏರು ದಾರಿ. ಬೂಟು ಹಿಮ್ಮಡಿ ಕಚ್ಚಿತು. ಉಸಿರು ಕಟ್ಟಿತು. ಹೊಟ್ಟೆಯಲ್ಲಿ ಎದ್ದ ನೋವು ಎದೆಗೇ ಬಂದಂತಾಗಿ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಸಿದೆ.

ಮಾವ ಗಾಬರಿಯಾದರು. "ಅಲ್ಲಾಡಬ್ಯಾಡ್ರಿ! ನಾ ಗಾಡಿ ತರ್ತೀನಿ!" ಎಂದವರೇ ಧೋತರ ಎತ್ತಿ ಕಟ್ಟಿ ದಾಪುಗಾಲು ಹಾಕಿದರು. ಅವರನ್ನು ನಡೆಸಲು ಬಂದ ನಾನು ಕುಳಿತೇ ನೋಡಿದೆ.

ಸಿಕ್ಕದ್ದು ದನದ ಹಿಂಡಿ ಸಾಗಿಸುವ ಟಂಟಂ ಗಾಡಿ. ನನ್ನನ್ನು ಚೀಲಗಳ ನಡುವೆ ಮಲಗಿಸಿ, ತಿಂದ ಮನೆಗಳ ಮುಂದೆಯೇ ಹಾಯ್ದರು. ಆ ಅಜ್ಜಿ ಓಡಿ ಬಂದರು. "ಅಯ್ಯ, ಜಾವಯಿಗೆ ಏನಾತ್ರಿ?"

"ಏನಿಲ್ರಿ" ಎಂದರು ಮಾವ, ಡ್ರೈವರನ ಬಾಜು ಕೂತು, ಓಣಿಗೆಲ್ಲ ಕೇಳುವಂತೆ. "ನನಗ ವಾಕಿಂಗ್ ಕಲಿಸಾಕ ಬಂದಾರ!"

ನಾಚಿಕೆಯಿಂದ ಖಾಲಿ ಚೀಲವೊಂದನ್ನು ಮುಖದ ಮೇಲೆ ಎಳೆದುಕೊಂಡೆ. ದವಾಖಾನೆಯಲ್ಲಿ ಡಾಕ್ಟರು ಪರೀಕ್ಷಿಸಿ, ಎದೆಗೇನೂ ಆಗಿಲ್ಲ, ತಿಂದದ್ದು ಜಾಸ್ತಿಯಾಗಿದೆ ಎಂದರು. ಎದೆನೋವೇ ಆಗಿದ್ದರೆ ಮಾನವಾದರೂ ಉಳಿಯುತ್ತಿತ್ತು!

ಬೆಳಗಾವಿಗೆ ಮರಳಿದ ಮೇಲೆ ಒಂದು ದಿನ ಸುಜಾತಾ ತವರಿನ ಫೋನು ಇಟ್ಟು ನಗುತ್ತಾ ಬಂದಳು. "ಅಪ್ಪ ದಿನಾ ನಡಿಯಾಕತ್ತಾರಂತ್ರಿ! ಸಕ್ಕರಿನೂ ಇಳದೇತಿ!"

ನನ್ನ ಎದೆ ಉಬ್ಬಿತು. "ನೋಡ್ದಿ? ನನ್ನ ಭಾಷಣ ನಾಟೇತಿ."

"ಭಾಷಣ ಅಲ್ರಿ" ಎಂದಳು. "ನಡೀಲಿಲ್ಲಂದ್ರ ಅಳಿಯಂದಿರ ಹಂಗ ಆಗ್ತೀನಂತ ಅಪ್ಪಗ ಹೆದರಿಕಿ ಹೊಕ್ಕೇತಿ."