ಕ್ಯೂಬಾ ಖಾನಾವಳಿಯಲ್ಲಿ ಬೀಗರು ಸಕ್ಕರೆ ಮುಟ್ಟಲಿಲ್ಲ

ಹೆಣ್ಣು-ಗಂಡು ಕೂಡಿಸುವ ಕೆಲಸಕ್ಕೆ ನಮ್ಮ ಬಳಗದವರು ನನ್ನನ್ನೇ ಮುಂದೆ ಮಾಡುತ್ತಾರೆ; ನಾನು ಹೋದಲ್ಲಿ ಒಂದು ಮಾತೂ ನೆಟ್ಟಗೆ ನಡೆಯುವುದಿಲ್ಲ. ಯಾಕೆ ಹೀಗೆ ಎಂದು ಪೂಜೆಗೆ ಕೂತಾಗ ಶಿವನನ್ನೇ ಕೇಳಿದ್ದೇನೆ. ಅವನೂ ಮಾವನ ಮನೆಯ ಕಾಟ ಉಂಡವನು, ಸುಮ್ಮನಿದ್ದಾನೆ.

ಈ ಸಲದ ಹುಡುಗ ನನ್ನ ತಂಗಿಯ ಮಗ. ಕೆಲವು ವರ್ಷ ಹಡಗಿನ ಅಡಿಗೆಮನೆಯಲ್ಲಿ ದುಡಿದ. ಅಲ್ಲಿಯ ಮುಖ್ಯ ಅಡಿಗೆಯವನು ಕ್ಯೂಬಾ ದೇಶದವನು. ಅವನ ಕೈಯಲ್ಲಿ ಕಲಿತು ಬಂದು, ಮುಧೋಳದ ಹತ್ತಿರ ಘಟಪ್ರಭೆಯ ದಂಡೆಗಿದ್ದ ತಮ್ಮ ಹೊಲದ ಮೂಲೆಯಲ್ಲಿ ‘ಕ್ಯೂಬಾ ಖಾನಾವಳಿ, ಶುದ್ಧ ಶಾಕಾಹಾರಿ’ ಎಂದು ಬೋರ್ಡು ಹಾಕಿದ. ಅವನು ಒಲೆಯ ಮುಂದೆ, ತಂಗಿ ರೊಟ್ಟಿಯ ಹಂಚಿನ ಮುಂದೆ, ತಂಗಿಯ ಗಂಡ ಗಲ್ಲಾದ ಮುಂದೆ. ಖಾನಾವಳಿ ನಡೆಯಿತು, ಲಗ್ನ ನಡೆಯಲಿಲ್ಲ. “ಒಲಿ ಮುಂದ ನಿಂದ್ರೋ ಗಂಡಸಿಗೆ ಹೆಣ್ಣ ಹ್ಯಾಂಗ ಕೊಡೂದ್ರಿ” ಎಂದು ಮೂರು ಮನೆಯವರು ತಿರುಗಿ ಹೋದರು.

ನಾಲ್ಕನೆಯವರು ಬನಹಟ್ಟಿಯ ಮಗ್ಗದ ಮನೆಯವರು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಒಪ್ಪಬೇಕಾದವರು ಹುಡುಗಿಯ ಅಪ್ಪ. ಅವರು ತಮ್ಮ ವಯಸ್ಸಾದ ತಾಯಿಯನ್ನು ಕರೆದುಕೊಂಡು ಒಂದು ರವಿವಾರ ಮಧ್ಯಾಹ್ನ ಮನೆ ನೋಡಲು ಬಂದರು. ಮನೆ ಎಂದರೆ ಖಾನಾವಳಿಯ ಹಿಂದಿನ ಎರಡು ಕೋಣೆ.

ನಮ್ಮ ಕಡೆಯ ಪದ್ಧತಿ ಇಷ್ಟು: ಹೆಣ್ಣಿನ ಕಡೆಯ ಹಿರಿಯರು ಗಂಡಿನ ಮನೆಯಲ್ಲಿ ಸಕ್ಕರೆ ತಿಂದರೆ ಮಾತು ಮುಗಿದಂತೆ, ಲಗ್ನ ಗಟ್ಟಿಯಾದಂತೆ. ಮನಸ್ಸು ಕೂಡುವವರೆಗೆ ಖಾರದ್ದು ಎಷ್ಟಾದರೂ ತಿನ್ನಬಹುದು, ಸಿಹಿ ಮುಟ್ಟುವಂತಿಲ್ಲ.

ಕ್ಯೂಬಾದ ಕಬ್ಬು

ಮುದುಕಿ “ನನ್ನ ಮೊಣಕಾಲಿಗೆ ದಂಡಿ ಇಳಿಯೂದು ಆಗೂದಿಲ್ಲವಾ” ಎಂದು ಅಡಿಗೆಮನೆಯಲ್ಲೇ ತಂಗಿಯ ಹತ್ತಿರ ಕೂತಳು. ಹುಡುಗಿಯ ಅಪ್ಪನೂ ನಾನೂ ನೀರಿನ ಪಕ್ಕ ಬೇವಿನ ಮರದ ಕೆಳಗೆ ಕೂತೆವು. ಬಾಜು ಚಿಮ್ಮಡದ ರೈತನೊಬ್ಬ ಊಟಕ್ಕೆ ಕೂತಿದ್ದ.

“ತಮ್ಮಾ, ಈ ಕ್ಯೂಬಾ ಎಲ್ಲಿ ಬರ್ತೈತಿ?” ಎಂದು ಅವನು ನೀರು ತಂದಿಟ್ಟ ನನ್ನ ಅಳಿಯನನ್ನು ಕೇಳಿದ.

“ಭಾಳ ದೂರ್ರಿ ಕಾಕಾ. ಸಮುದ್ರ ದಾಟಿ ಹೋಗ್ಬೇಕು.”

“ಏನ್ ಬೆಳೀತಾರ ಅಲ್ಲಿ?”

“ಕಬ್ಬು.”

ರೈತ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದ. “ಕಬ್ಬ ಕಡಿಯೋ ಆಳಿನ ಗ್ಯಾಂಗ ಟೈಮಿಗೆ ಬರ್ತಾವೇನ ಅಲ್ಲಿ?”

“ಅದೇನ್ ಕೇಳಿಲ್ರಿ ನಾನು.”

“ಮತ್ತ ಅಷ್ಟ ದೂರ ಹೋಗಿ ಏನ್ ತಿಳ್ಕೊಂಡ ಬಂದಿ?”

ಹುಡುಗಿಯ ಅಪ್ಪ ನನ್ನ ಕಡೆ ತಿರುಗಿ, “ಈ ಮಾತ ಖರೆ ಐತ್ರಿ” ಎಂದರು. ಒಂದು ತುತ್ತು ಬಡಿಸುವ ಮೊದಲೇ ವರ ಒಂದು ಮೆಟ್ಟಿಲು ಕೆಳಗೆ ಇಳಿದಿದ್ದ.

ತಾಟಿನ ಅಲಂಕಾರ

ಅಲಸಂದಿಯಂಥ ಕರಿಕಾಳು ಕಲಸಿದ ಅನ್ನ ಕ್ಯೂಬಾ ದೇಶದ ದೊಡ್ಡ ಊಟವಂತೆ. ಅಳಿಯ ಅದನ್ನು ಬಟ್ಟಲಿನಲ್ಲಿ ಒತ್ತಿ, ದೊಡ್ಡ ತಾಟಿನ ನಡುವೆ ಗುಮ್ಮಟದಂತೆ ಬೋರಲು ಹಾಕಿ, ಮಗ್ಗುಲಲ್ಲಿ ಕರಿದ ಬಾಳೆಕಾಯಿ ನಾಲ್ಕು ಹೋಳು ಇಟ್ಟು, ಮೇಲೆ ಒಂದು ಕೊತ್ತಂಬರಿ ಎಲೆ ಇಟ್ಟು ತಂದ. ನೋಡಲು ಚಂದವೇ ಇತ್ತು.

ಹಿಂದೆಯೇ ತಂಗಿ ಬಂದಳು. ಬೀಗರಾಗುವವರ ಮುಂದೆ ಅಷ್ಟು ಖಾಲಿ ತಾಟು ಕಂಡು ಅವಳ ಜೀವ ಹೋಯಿತು. ಗುಮ್ಮಟದ ಮೇಲೆ ಎರಡು ಜೋಳದ ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿ, ಅದರ ಮೇಲೆ ಎಣ್ಣೆಗಾಯಿ.

“ಯವ್ವಾ, ಅದು ಅಲಂಕಾರ ಇತ್ತು.”

“ಲೇ, ಅಲಂಕಾರ ದೇವ್ರಿಗೆ ಮಾಡು. ಮನಷ್ಯಾರಿಗೆ ರೊಟ್ಟಿ ನೀಡು.”

ಗಿರಾಕಿಗಳಿಗೂ ದಿನಾ ಹೀಗೇ ಆಗುತ್ತದಂತೆ. ಕಳೆದ ವಾರ ಜಮಖಂಡಿಯ ಒಬ್ಬರು ಐದು ರೊಟ್ಟಿ ಉಂಡು, ಕೈ ತೊಳೆದು, “ಕ್ಯೂಬಾ ಮಂದಿ ಶೇಂಗಾ ಚಟ್ನಿ ಛಲೋ ಮಾಡ್ತಾರ ಬಿಡ್ರಿ” ಎಂದು ಹೇಳಿ ಹೋದರಂತೆ.

ತೊಳೆದ ತಾಟು

ಹುಡುಗಿಯ ಅಪ್ಪ ಕಟ್ಟಾ ಶಿವಭಕ್ತರು. ಒಂದು ಅಗುಳು ಬಿಡದೆ ಉಂಡರು. ಆಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೂ ಕುಡಿದು, ತಾಟಿಗೆ ಕೈ ಮುಗಿದರು. ನಾನೂ ಹಾಗೇ ಮಾಡುವವನು.

ಅಳಿಯ ಖಾನಾವಳಿಯ ಕಟ್ಟೆಯ ಮೇಲಿನಿಂದ ನೋಡುತ್ತಿದ್ದ. ಅವನಿಗೆ ಆನಂದವೋ ಆನಂದ. ಇಳಿದು ಬಂದು ನನ್ನ ಕಿವಿಯಲ್ಲಿ, “ಮಾಮಾ, ಗೆದ್ದಿವಿ. ಹಡಗಿನ್ಯಾಗ ಅಷ್ಟ ವರ್ಷ ಅಡಗಿ ಮಾಡಿದ್ರೂ ಯಾರೂ ತಾಟ ತೊಳದ ಕುಡೀಲಿಲ್ಲ” ಎಂದ.

“ತಮ್ಮಾ, ಅದು ಪ್ರಸಾದಕ್ಕ ಕೊಡೂ ಮರ್ಯಾದಿ. ಮೊನ್ನೆ ಮಠದಾಗ ಸಾರು ಸೀದು ಹೋಗಿತ್ತು, ಅದನ್ನೂ ಎಲ್ಲಾರೂ ಹಿಂಗ ಕುಡದಾರ.”

ಅವನು ಮತ್ತೆ ಕಟ್ಟೆ ಹತ್ತಿ ಹೋದ.

ಸಕ್ಕರೆ

ಕಡೆಗೆ ಕಾಫಿ. ಕ್ಯೂಬಾ ಕಾಫಿಗೆ ಮೊದಲು ಸಕ್ಕರೆ ಹಾಕಿ, ನಾಲ್ಕು ಹನಿ ಡಿಕಾಕ್ಷನ್ ಬಿಟ್ಟು, ಬೆಣ್ಣೆಯಂತೆ ಬೆಳ್ಳಗಾಗುವವರೆಗೆ ಚಮಚದಿಂದ ಬಡಿಯಬೇಕು. ಆ ಬಡಿತ ದಂಡೆಯವರೆಗೆ ಕೇಳುತ್ತಿತ್ತು. ಅಂಗೈಯಲ್ಲಿ ಮುಚ್ಚುವಷ್ಟು ಸಣ್ಣ ಕಪ್ಪಿನಲ್ಲಿ ತಂಗಿ ತಂದಿಟ್ಟಳು.

ಹುಡುಗಿಯ ಅಪ್ಪ ಮೂಸಿ ನೋಡಿದರು. “ಸಕ್ಕರಿ ಹಾಕೀರೇನವಾ?”

“ಒಂದೀಟ ಐತ್ರಿ ಅಣ್ಣಾರ.”

“ಬ್ಯಾಡ ತಗೀರಿ.”

ತಂಗಿ ಕಪ್ಪನ್ನು ಒಳಗೆ ಒಯ್ದಳು. ಸ್ವಲ್ಪ ಹೊತ್ತಿಗೆ ಕಬ್ಬಿನ ಹಾಲು ತಂದಳು. “ಇದರಾಗ ಸಕ್ಕರಿ ಇಲ್ರಿ.”

“ಸಕ್ಕರಿ ಇಲ್ಲ, ಸಕ್ಕರಿ ತಾಯಿ ಐತಿ. ಬ್ಯಾಡ್ರಿ.”

ಅದೂ ಒಳಗೆ ಹೋಯಿತು. ಹಾಲಿನ ಕಡುಬು ಬಂತು, ಹೋಯಿತು. ಮತ್ತೊಂದು ಕಾಫಿ ಬಂತು, ಅದೂ ಹೋಯಿತು. ತಂಗಿಯ ಮುಖ ಒಣಗುತ್ತ ಬಂತು. ಅಳಿಯ ಸಕ್ಕರೆ ಬಡಿಯುವುದನ್ನೇ ನಿಲ್ಲಿಸಿದ. ನಾಲ್ಕನೆಯ ಮನೆಯೂ ಹೋಯಿತು ಎಂದು ನಾನೂ ಮನಸ್ಸಿನಲ್ಲಿ ‘ಶಿವಾ’ ಎಂದೆ.

ಹೊಳೆಯ ಮೇಲೆ ಬಿಸಿಲು ತಗ್ಗಿತು. ಹುಡುಗಿಯ ಅಪ್ಪ ಎದ್ದರು. “ಊಟ ಛಲೋ ಆತ್ರಿ. ಮನ್ಯಾಗ ವಿಚಾರ ಮಾಡಿ ಹೇಳ್ತೀವಿ” ಎಂದರು. ಇದರ ಅರ್ಥ ಮಧ್ಯಸ್ಥನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ತಾಯಿಯನ್ನು ಕರೆಯಲು ನಾವು ಅಡಿಗೆಮನೆಗೆ ಹೋದೆವು. ಮುದುಕಿ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಮುಂದೆ ಎರಡು ಸಣ್ಣ ಕಪ್ಪು, ಒಂದು ಗ್ಲಾಸು, ಒಂದು ಕಡುಬಿನ ತಾಟು, ಎಲ್ಲ ಖಾಲಿ. ಮಗ ಬೇಡವೆಂದು ಕಳಿಸಿ, ತಂಗಿ ಗಡಿಬಿಡಿಯಲ್ಲಿ ಮಣೆಯ ಪಕ್ಕಕ್ಕೆ ಇಟ್ಟು ಬಂದದ್ದೆಲ್ಲ ಎಲ್ಲಿ ಮುಟ್ಟಿತು ಎಂಬುದು ಆಗ ತಿಳಿಯಿತು. ತುಟಿಯ ಮೇಲೆ ಬೆಳ್ಳಗೆ ನೊರೆ ಇನ್ನೂ ಇತ್ತು.

ತಂಗಿ ಒಂದು ಕ್ಷಣ ತಾಟು ನೋಡಿದಳು, ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಅಲ್ಲೇ ಇದ್ದ ಕುಂಕುಮದ ಬಟ್ಟಲು ತಗೊಂಡು ಮುದುಕಿಯ ಕಾಲಿಗೆ ಬಿದ್ದಳು. “ಅಣ್ಣಾ, ಮನಿ ಹಿರೇರು ಸಕ್ಕರಿ ತಿಂದಾರ. ಮಾತು ಮುಗೀತು.”

ಪದ್ಧತಿ ಮುರಿಯುವ ಜಾಯಮಾನ ಹುಡುಗಿಯ ಅಪ್ಪನದಲ್ಲ. ತಾಯಿಯ ಕಡೆಗೆ ಹೊರಳಿದರು. “ಯವ್ವಾ, ಡಾಕ್ಟರು ನಿನಗ ಸಿಹಿ ಬಂದ್ ಮಾಡ್ಯಾರ. ಮ್ಯಾಲ ಇದು ಗಂಡಿನ ಮನಿ. ಗೊತ್ತಾಗಲಿಲ್ಲೇನು?”

ಮುದುಕಿ ಸೆರಗಿನಿಂದ ತುಟಿ ಒರೆಸಿಕೊಂಡಳು.

“ಮೊದಲನೇ ಕಪ್ ಗೊತ್ತಾಗದ ಕುಡದೆ. ಎರಡನೇದು ವಿಚಾರ ಮಾಡೇ ಕುಡದೀನಿ. ಮಾತ ಮುರದ್ರ ಇಲ್ಲಿಗೆ ಮತ್ತ ಹೆಂಗ ಬರ್ಲಿ? ಮೊಮ್ಮಗಳ ಮನಿ ಅಂದ್ರ ವಾರಕ್ಕೊಮ್ಮಿ ಬರಬೌದು, ಕೇಳಾಕ ನೀನೂ ಇರೂದಿಲ್ಲ.”