ಮಾಸಿಯ ಮನೆಯಲ್ಲಿ ನನ್ನ ಲೋ-ಫೈ ಶೋಕ

ಒಂದೇ ಒಂದು ಹಾಡಿನಿಂದ ಸುಚರಿತಾ ಮಾಸಿಯ ಮನಸ್ಸು ಕರಗಿಸದಿದ್ದರೆ ನಾನು ಗೋಕಾಕದವಳೇ ಅಲ್ಲ! ಹಾಗೆಂದು ಅಡುಗೆಮನೆಯಲ್ಲಿ ಘೋಷಿಸಿದವಳು ನಾನೇ. ಕಾಲೇಜಿನ ಗ್ಯಾದರಿಂಗ್‌ನಲ್ಲಿ ಭಾವಗೀತೆಗೆ ಬಹುಮಾನ ಪಡೆದ ಕಂಠವಿದು. ಪರದೇಶದ ಈ ಫೆಲ್ಥಮ್‌ಗೆ ಬಂದ ಮೇಲೆ ಅದಕ್ಕೆ ಕುಕ್ಕರಿನ ಸೀಟಿಯೊಂದೇ ಪಕ್ಕವಾದ್ಯ.

ಮಾಸಿ ಕರಗಲೇಬೇಕಿತ್ತು. ಸೋಮವಾರ ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ನನ್ನ ಹೊಸ ಕೆಲಸ ಶುರು. ನನ್ನ ಗಂಡ ನಿತೀಶನಿಗೆ ಏರ್‌ಪೋರ್ಟಿನಲ್ಲಿ ಶಿಫ್ಟು. ನರ್ಸರಿಯಲ್ಲಿ ಜಾಗವಿಲ್ಲ. ನಮ್ಮ ಪುಟ್ಟ ಸಿರಿಶಾಳನ್ನು ನಂಬಿ ಬಿಡಬಹುದಾದವರು ಪಕ್ಕದ ಮನೆಯ ಈ ಬಂಗಾಳಿ ಹಿರಿಯರೊಬ್ಬರೇ, ಎಲ್ಲರ ಬಾಯಲ್ಲಿ 'ಮಾಸಿ', ಅಂದರೆ ಚಿಕ್ಕಮ್ಮ. ಕೇಳಿದಾಗಲೆಲ್ಲ "ನೋಡೋಣ" ಎಂದು ಚಹಾ ಕೊಟ್ಟು ಕಳಿಸುತ್ತಿದ್ದರು. ಅಷ್ಟರಲ್ಲಿ ಅವರ ಯಜಮಾನರ ಪುಣ್ಯತಿಥಿ ಬಂತು. ಶನಿವಾರ ಮನೆಯಲ್ಲಿ ಸ್ಮರಣೆ, ಬಂದವರು ಒಂದೊಂದು ಹಾಡು ಹೇಳುವುದು ಪದ್ಧತಿ, ನೀವೂ ಬನ್ನಿ ಎಂದರು.

ಹಾಡು ನನ್ನ ಫೋನಿನಲ್ಲೇ ಇತ್ತು. ಯಾವುದೋ ಹಳೆಯ ಬಂಗಾಳಿ ಸಿನಿಮಾದ್ದು, ಯಾರೋ ವೇಗ ತಗ್ಗಿಸಿ ಲೋ-ಫೈ ಮಾಡಿ ಹಾಕಿದ್ದರು. ಹಿಂದೆ ಮಳೆಯ ಸದ್ದು, ಸವೆದ ರೆಕಾರ್ಡಿನ ಚರಚರ, ಬಾವಿಯ ತಳದಿಂದ ಎದ್ದು ಬರುವಂಥ ಗಂಡು ದನಿ. ಒಂದು ಸಾಲು ಮುಗಿಯುವಷ್ಟರಲ್ಲಿ ನನ್ನ ಬಸ್ಸು ಮುಂದಿನ ಸ್ಟಾಪು ಮುಟ್ಟುತ್ತಿತ್ತು. ಕೆಳಗೆ ಕಾಮೆಂಟುಗಳಲ್ಲಿ ಜಗತ್ತೆಲ್ಲ ಅತ್ತಿತ್ತು.

"ಅರ್ಥ ಏನ್ ಅದರದು?" ಎಂದ ನಿತೀಶ.

"ಅಳಾಕ ಅರ್ಥ ಯಾಕ ಬೇಕು?"

"ಹಂಗಲ್ಲ, ಮಂದೀ ಮನ್ಯಾಗ ಹಾಡಾಕಿ ನೀನು. ಯಾರನ್ನರ ಒಮ್ಮೆ ಕೇಳು."

ಸೂಟ್‌ಕೇಸುಗಳ ನಡುವೆ ದಿನ ಕಳೆಯುವ ಮನುಷ್ಯನಿಗೆ ಶೋಕದ ಸೂಕ್ಷ್ಮ ಹೇಗೆ ತಿಳಿಯಬೇಕು ಎಂದುಕೊಂಡೆ.

ಶನಿವಾರ ಮಾಸಿಯ ಮನೆಯ ತುಂಬ ಜನ. ಯಜಮಾನರ ಫೋಟೋಗೆ ಸುಗಂಧರಾಜದ ಹಾರ. ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಮಾಸಿಯ ತಮ್ಮ. ನನ್ನ ಸರದಿ ಬಂದಾಗ ಫೋಟೋಗೆ ಕೈಮುಗಿದೆ, ಕಣ್ಣು ಮುಚ್ಚಿದೆ, ದನಿಯನ್ನು ಬಾವಿಗಿಳಿಸಿದೆ. ಮೊದಲ ಸಾಲಿಗೆ ಎಲ್ಲರೂ ಸ್ತಬ್ಧ. ಎರಡನೆಯದಕ್ಕೆ ಯಾರೋ ಮೂಗೆಳೆದ ಸದ್ದು. ಕರಗುತ್ತಿದ್ದಾರೆ! ಆ ಸಾಲಿಗೆ ಆಲಾಪ ಸೇರಿಸಿ ಮತ್ತೆ ಮತ್ತೆ ಹಾಡಿದೆ. ಫೋಟೋದ ಕಡೆ ಕೈಯನ್ನೂ ಚಾಚಿದೆ.

ಆಗ ಹಾರ್ಮೋನಿಯಂ ಕೈಕೊಟ್ಟಿತು. ಸಾವಕಾಶವಾಗಿ ನಡೆಯುತ್ತಿದ್ದ ಬೆರಳುಗಳು ತಡೆಯಲಾರದೆ ಓಡತೊಡಗಿದವು. ಹಿಂದಿನಿಂದ ಚಪ್ಪಾಳೆಯ ತಾಳ ಬಿತ್ತು. ನಾನು ಶೋಕವನ್ನು ಹಿಂದಕ್ಕೆಳೆದೆ, ಅವರೆಲ್ಲ ಸೇರಿ ಮುಂದಕ್ಕೆಳೆದರು. ಕಣ್ಣು ತೆರೆದರೆ ಮಾಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಾರೆ, ಭುಜ ಕುಲುಕುತ್ತಿವೆ.

ಪಕ್ಕದವರನ್ನು ವಿಚಾರಿಸಿದ ನಿತೀಶ ನನ್ನ ಕಿವಿಯತ್ತ ಬಾಗಿದ.

"ಸಾಕ್ ಮಾಡು. ಕೊಳತ ಮೀನ ತಂದ ಗಂಡನ್ನ ಹೆಂಡ್ತಿ ಮನಿಯಿಂದ ಓಡಸೂ ಹಾಡಂತ ಇದು. ಎಲ್ಲಾರೂ ಕುಣಿಯೂವಂಥಾದ್ದು. ಹಾಡಿದಾಕೀನೂ ಹೆಣ್ಮಗಳಂತ."

ಲೋ-ಫೈ ಮಾಡಿದ ಪುಣ್ಯಾತ್ಮನ ಕೈಯಲ್ಲಿ ಅವಳ ಚೂಪು ದನಿ ಗಂಡಸಿನ ಗೋಳಾಗಿತ್ತು.

"ನಾ ತಿರುಗಿ ತಿರುಗಿ ಹಾಡಿದ್ದು?"

"'ಹೋಗು, ಈ ಬಾಗಲಾ ಮತ್ತ ತುಳೀಬ್ಯಾಡ.'"

ತೀರಿಕೊಂಡವರ ಫೋಟೋಗೆ ಕೈಚಾಚಿ, ಆಲಾಪಸಮೇತ ಅದನ್ನೇ ಹೇಳಿದ್ದೆ! ಸೋಮವಾರದ ಕೆಲಸ ನನ್ನ ಕಣ್ಣೆದುರೇ ಕೈಬಿಟ್ಟು ಹೋಯಿತು. ಮಾಸಿಯ ಹತ್ತಿರ ಹೋಗಿ, ಭಾಷೆ ಗೊತ್ತಿರಲಿಲ್ಲ, ಹಾಡು ನಿಧಾನವಾಗಿತ್ತು, ಕಾಮೆಂಟುಗಳಲ್ಲಿ ಎಲ್ಲರೂ ಅತ್ತಿದ್ದರು ಎಂದು ಏನೇನೋ ತೊದಲಿದೆ.

ಮಾಸಿ ಸೆರಗು ಸರಿಸಿದರು. ನಕ್ಕು ನಕ್ಕು ಕಣ್ಣು ಕೆಂಪಾಗಿದ್ದವು. ನಿತೀಶನ ತೊಡೆಯ ಮೇಲಿದ್ದ ಸಿರಿಶಾಳನ್ನು ಎತ್ತಿ ಎದೆಗೊತ್ತಿಕೊಂಡು ತಮ್ಮ ಹಿಂದಿಯಲ್ಲಿ ಅವರು ಹೇಳಿದ್ದು ಇಷ್ಟು:

"ಸೋಮವಾರದಿಂದ ಇವಳನ್ನು ನನ್ನ ಹತ್ತಿರ ಬಿಡು. ಪಾಪ, ದಿನವಿಡೀ ನಿನ್ನ ಹಾಡು ಕೇಳಿಕೊಂಡು ಈ ಕೂಸು ಬೆಳೆಯುವುದು ಬೇಡ."