'ಅಕ್ಕ ಇಲ್ಲ' ಎಂಬುದನ್ನು ಬಗೆಹರಿಸಿದವರಿಗೆ

ನಮ್ಮ ಕಂಪನಿಯ ಬೆಳಗಿನ ಸಭೆಯನ್ನು ನಡೆಸಿಕೊಡುವ, ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ವಾಸವಾಗಿರುವ, ಊಟ ನಿದ್ದೆಗಳ ಹಂಗಿಲ್ಲದ ಮಾನ್ಯ ಸಾಫ್ಟ್‌ವೇರ್ ಅವರಿಗೆ, ಅದೇ ಕಂಪನಿಯಲ್ಲಿ ಗಿರಾಕಿಗಳ ಫೋನಿಗೆ ಉತ್ತರಿಸುವ ಹೆಂಗಸು ನಿಂತಲ್ಲಿಂದಲೇ ಮಾಡುವ ನಮಸ್ಕಾರಗಳು.

ಮಾನ್ಯರೇ,

ಬೆಳಗ್ಗೆ ಕೊಂಡೊಯ್ದ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಸಂಜೆಯೊಳಗೆ ಮನೆಗೆ ಮುಟ್ಟಿಸುತ್ತೇವೆಂದು ಹೊರಟ ನಮ್ಮ ಹೊಸ ಕಂಪನಿ ಎಷ್ಟು ವೇಗವಾಗಿ ಓಡುತ್ತಿದೆಯೆಂದರೆ, ಒಬ್ಬರ ಪ್ಯಾಂಟು ಇನ್ನೊಬ್ಬರ ಮನೆ ಸೇರಿ, ಅವರು ಅದನ್ನು ತೊಟ್ಟು ಯಾರದೋ ಮದುವೆಗೆ ಹೋಗಿ ಬಂದ ಮೇಲಷ್ಟೇ ನನಗೆ ಫೋನು ಬರುತ್ತದೆ. ಕೂತರೆ ವೇಗ ತಗ್ಗುತ್ತದೆಂದು ಸಭೆಯನ್ನೂ ನಿಂತೇ ಮಾಡುತ್ತೇವೆ. ನಿನ್ನೆ ಏನು ಮಾಡಿದಿರಿ, ಇಂದು ಏನು ಮಾಡುವಿರಿ, ಕೆಲಸಕ್ಕೆ ಅಡ್ಡಿಯೇನಾದರೂ ಇದೆಯೇ ಎಂದು ತಾವು ಪ್ರತಿಯೊಬ್ಬರನ್ನೂ ಕೇಳುತ್ತೀರಿ. ನನ್ನನ್ನು ದಿನವೂ ಇಷ್ಟು ವಿಚಾರಿಸಿಕೊಳ್ಳುತ್ತಿದ್ದವಳು ನನ್ನ ಅಕ್ಕ ಒಬ್ಬಳೇ. ಅವಳು ತೀರಿಕೊಂಡ ಮೇಲೆ ಮೊದಲ ಸಲ ಕೆಲಸಕ್ಕೆ ಬಂದ ದಿನ, ತಮ್ಮ ಕೊನೆಯ ಪ್ರಶ್ನೆಗೆ ಬೇರೇನೂ ತೋಚದೆ, "ಅಕ್ಕ ಇಲ್ಲ" ಎಂದು ಟೈಪು ಮಾಡಿದೆ.

ತಮ್ಮ ಚುರುಕುತನವನ್ನು ಎಷ್ಟು ಹೊಗಳಲಿ! ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದನ್ನೊಂದು ದೂರೆಂದು ದಾಖಲಿಸಿ, ತುರ್ತು ಎಂದು ಕೆಂಪು ಬಳಿದು, ಪ್ರೋಗ್ರಾಂ ಬರೆಯುವ ಗಡ್ಡಪ್ಪನವರ ಹೆಸರಿಗೆ ಹಚ್ಚಿಬಿಟ್ಟಿರಿ. ನಾವು ರಾಕೆಟ್ ಎಂದು ಕರೆಯುವ ನಮ್ಮ ಯಜಮಾನರು ಕೆಂಪು ಬಣ್ಣವನ್ನಷ್ಟೇ ನೋಡಿ, "ಅದೇನೇ ಇರ್ಲಿ, ಈ ವಾರದೊಳಗೆ ಮುಗಿಸ್ಬಿಡಪ್ಪ" ಎನ್ನುತ್ತ ಹೊರಟುಹೋದರು.

ಗಡ್ಡಪ್ಪನವರು ನನ್ನ ಮೇಜಿನ ಹತ್ತಿರ ಬಂದು, ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, ಎಲ್ಲ ದೂರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಮೇಡಂ, ಈ ತೊಂದ್ರೆ ಯಾವಾಗ ಕಾಣಿಸ್ಕೊಳ್ಳುತ್ತೆ?"

ನಾನೂ ಇದ್ದದ್ದನ್ನೇ ಹೇಳಿದೆ. "ಊಟದ ಹೊತ್ತಿಗೆ. ಡಬ್ಬಿ ತೆಗೆಯೋ ಹೊತ್ತಿಗೆ ಸರಿಯಾಗಿ ಫೋನ್ ಮಾಡಿ, ಇವತ್ತಾದ್ರೂ ಉಪ್ಪು ಹಾಕಿದ್ಯೇನೇ ಅಂತ ಕೇಳೋಳು."

ಅವರು ಶ್ರದ್ಧೆಯಿಂದ, "ದಿನವೂ ಊಟದ ಹೊತ್ತಿಗೆ ಮರುಕಳಿಸುತ್ತದೆ" ಎಂದು ಆ ದೂರಿನ ಕೆಳಗೆ ಬರೆದಿಟ್ಟರು.

ಮರುದಿನ ಡಬ್ಬಿ ತೆಗೆದರೆ ಫೋನು ಹೊಡೆದುಕೊಂಡಿತು. ಕಂಬದಾಚೆ ಕೂತಿದ್ದ ಗಡ್ಡಪ್ಪನವರೇ. "ಮೇಡಂ, ಇವತ್ತಾದ್ರೂ ಉಪ್ಪು ಹಾಕಿದೀರಾ?"

"ನಿಮ್ಮ ಗಡ್ಡಕ್ಕೆ ಇಸ್ತ್ರಿ ಹಾಕಿಸ್ತೀನಿ, ಇಡ್ರೀ ಫೋನು!" ಎಂದು ಬೈದೆ. ಬೈದು, ಒಂದು ತುತ್ತು ಬಾಯಿಗಿಟ್ಟರೆ, ನಿಜವಾಗಿಯೂ ಉಪ್ಪಿರಲಿಲ್ಲ. ಆದರೂ ಅಕ್ಕ ಹೋದ ಮೇಲೆ ನಾನು ಡಬ್ಬಿ ಖಾಲಿ ಮಾಡಿದ್ದು ಅವತ್ತೇ.

ಆಮೇಲೆ ಅವರು ದಿನವೂ ಫೋನು ಮಾಡುತ್ತಾರೆ, ನಾನು ದಿನವೂ ಬೈಯುತ್ತೇನೆ. ಅವರು ಇದನ್ನು "ತಾತ್ಕಾಲಿಕ ಏರ್ಪಾಡು" ಎಂದು ಬರೆದರೆ, ತಾವು ವಾರದ ಕೊನೆಗೆ ಪರದೆಯ ತುಂಬ ಬಣ್ಣದ ಕಾಗದದ ಚೂರು ಸುರಿಸಿ, "ಅಭಿನಂದನೆಗಳು! 'ಅಕ್ಕ ಇಲ್ಲ' ಸಮಸ್ಯೆ ಪೂರ್ತಿ ಬಗೆಹರಿದಿದೆ" ಎಂದು ಸಾರಿದಿರಿ. ಇಡೀ ಕಂಪನಿ ಚಪ್ಪಾಳೆ ತಟ್ಟಿತು. ಅಭ್ಯಾಸಬಲದಿಂದ ನಾನೂ ತಟ್ಟಿದೆ. ಪರದೆಯನ್ನು ಪೂರ್ತಿ ಓದಿದ ಮೇಲೆ ಕೈ ನಿಂತಿತು.

ಮಾನ್ಯರೇ, ಅದು ಬಗೆಹರಿದಿಲ್ಲ. ಬಗೆಹರಿಯಲೆಂಬ ಆಸೆಯೂ ನನಗಿಲ್ಲ. ತಾವು ದೊಡ್ಡ ಮನಸ್ಸು ಮಾಡಿ ಆ ದೂರನ್ನು ಮತ್ತೆ ತೆರೆಯಬೇಕು. ತೆರೆದಿಟ್ಟರೆ ಗಡ್ಡಪ್ಪನವರ ವೇಗದ ಅಂಕ ಕಳೆಯುತ್ತೀರೆಂದು ಕೇಳಿದ್ದೇನೆ. ಆದ್ದರಿಂದ ಅದನ್ನು ನನ್ನ ಹೆಸರಿಗೇ ಬರೆದು, ಮುಗಿಸಬೇಕಾದ ತಾರೀಖಿನ ಜಾಗವನ್ನು ಖಾಲಿ ಬಿಡಿ. ಖಾಲಿ ಬಿಡಲು ತಮಗೆ ಬರುವುದಿಲ್ಲವಾದರೆ ನಿಧಾನವಾಗಿ ಕಲಿಯಿರಿ. ನಾನೂ ಈಗ ಅದನ್ನೇ ಕಲಿಯುತ್ತಿದ್ದೇನೆ.

ಕೂರಲು ಅನುಮತಿ ಸಿಕ್ಕರೆ ಇನ್ನಷ್ಟು ವಿಶ್ವಾಸದಿಂದಿರಬಲ್ಲ,
ತಮ್ಮ ವಿಶ್ವಾಸಿ,
ಫೋನಿನ ಹೆಂಗಸು

ಇನ್ನೊಂದು ಮಾತು: ಈ ವಾರದ ಅತಿ ವೇಗದ ಕೆಲಸಗಾರ ಎಂಬ ಬಿರುದನ್ನು ತಾವು ತಮಗೇ ಕೊಟ್ಟುಕೊಂಡಿದ್ದನ್ನು ನೋಡಿ ಸಂತೋಷವಾಯಿತು. ಕೆಲಸ ಮಾಡಿದ್ದು ಗಡ್ಡಪ್ಪನವರು, ಬೈದದ್ದು ನಾನು, ಬಿರುದು ತಮಗೆ. ಯಜಮಾನಿಕೆಗೆ ಬೇಕಾದ ಲಕ್ಷಣಗಳೆಲ್ಲ ತಮ್ಮಲ್ಲಿವೆ. ರಾಕೆಟ್ ಅವರು ಇನ್ನು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಒಳ್ಳೆಯದು.